ಒಂದು ಗೀರಿನ ಟ್ಯೂಬ್

ಜೂನ್ 2

ಪ್ರೀತಿಯ ದೊಡ್ಡಮ್ಮ,

ನಿನ್ನ ಡಬ್ಬಿ ನಿನ್ನೆ ತಲುಪಿತು. ಒಣ ಮಂಜುಗಡ್ಡೆ ಇನ್ನೂ ಹೊಗೆಯಾಡುತ್ತಿತ್ತು, ನಡುವೆ ಬೆರಳ ತುದಿಯಷ್ಟಿರುವ ಆರು ಟ್ಯೂಬುಗಳು ಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಒಂದೂ ಒಡೆದಿಲ್ಲ. ಆದರೆ ಪ್ರತಿಯೊಂದರ ಮುಚ್ಚಳದ ಮೇಲೂ ಎರಡೆರಡು ಗೀರು ಬಿದ್ದಿವೆ. ಸಾಗಿಸುವವರು ಡಬ್ಬಿಯನ್ನು ಎಸೆದಾಡಿರಬೇಕು. ಅವರ ಮೇಲಿನವರಿಗೆ ಒಂದು ದೂರು ಬರೆಯಲೇ?

ನಿನಗೆ ಕಿವಿ ಕೇಳಿಸದೆ ಫೋನು ಬಿಟ್ಟು ಕಾಗದ ಹಿಡಿದದ್ದು ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತಿದ್ದೆ. ಈಗ ಪೂರ್ತಿ ಓದಲೇಬೇಕು.

ಈ ಲ್ಯಾಬಿಗೆ ಸೇರಿ ನಾಲ್ಕು ತಿಂಗಳಾಯಿತು. ನನ್ನ ಕೆಲಸ ಗಾಜು ತೊಳೆಯುವುದು, ಜೆಲ್ ಎರೆಯುವುದು, ಹಾಲಿನ ಪುಡಿ ಕಲಸುವುದು. ಇಲಿಯ ಕೊಬ್ಬನ್ನು ಅರೆದು ಜೆಲ್ಲಿನ ಕುಳಿಗಳಿಗೆ ತುಂಬಿ, ಕರೆಂಟು ಹಾಯಿಸಿ, ಒಂದು ಬಿಳಿ ಹಾಳೆಗೆ ಇಳಿಸಿ, ಆ ಹಾಲಿನಲ್ಲಿ ನೆನೆಸಿ, ಅದರ ಮೇಲೆ ನಿನ್ನ ಟ್ಯೂಬುಗಳಲ್ಲಿ ಬಂದ ಪ್ರತಿಕಾಯ ಸುರಿಯುತ್ತಾರೆ. ಕೊಬ್ಬನ್ನು ಕರಗಿಸುವ ಆ ಕಿಣ್ವ ಇದ್ದರೆ ಫಿಲ್ಮಿನ ಮೇಲೆ ಕಪ್ಪು ಗೆರೆ ಬೀಳುತ್ತದೆ, ಇಲ್ಲದಿದ್ದರೆ ಇಲ್ಲ. ಇಷ್ಟೇ ವಿದ್ಯೆ. ಇಷ್ಟಕ್ಕೆ ಎಂಟು ಸಂಶೋಧಕರು, ಅವರ ಮೇಲೊಬ್ಬ ಮೇಡಂ. ನಿನ್ನ ಪ್ರತಿಕಾಯಕ್ಕೆ ಇಲ್ಲಿ ‘ಹನ್ನೊಂದು’ ಎಂದೇ ಹೆಸರು, ಅದು ಯಾವ ಮೊಲದ ರಕ್ತದಿಂದ ಬಂತೋ ಆ ಮೊಲದ ಕಿವಿಯ ಸಂಖ್ಯೆ. "ಹನ್ನೊಂದು ಮುಗೀತು, ತರಿಸಿ" ಎನ್ನುತ್ತಾರೆ, ಸಕ್ಕರೆ ಮುಗಿಯಿತು ಎನ್ನುವ ಹಾಗೆ.

ಗೋಡೆಗೆ ಅಂಟಿಸಿರುವ ಹದಿನಾಲ್ಕು ಪ್ರಬಂಧಗಳನ್ನೂ ಊಟದ ಹೊತ್ತಿನಲ್ಲಿ ನಿಂತು ಓದಿದೆ. ಎಲ್ಲದರಲ್ಲೂ ಹನ್ನೊಂದು ಇದೆ. ನಿನ್ನ ಹೆಸರು ಒಂದರಲ್ಲೂ ಇಲ್ಲ. ಮೊಲದ ಸಂಖ್ಯೆ ಹಾಕಿದ್ದಾರೆ, ಮೊಲ ಸಾಕಿದವಳ ಹೆಸರು ಹಾಕಿಲ್ಲ! ನಾನು ಒಂದು ಕರಪತ್ರ ಬರೆಯುತ್ತೇನೆ. ನನ್ನ ಕೋಣೆಯ ಕೆಳಗೇ ಜೆರಾಕ್ಸ್ ಅಂಗಡಿಯಿದೆ. ಹೆಸರು ‘ಹೆಸರಿಲ್ಲದ ಕೈಗಳು’. ಅದಕ್ಕೆ ನಿನ್ನ ಕಥೆ ಬೇಕು. ಮೊಲ ಬಂದ ದಿನದಿಂದ ಬರೆದು ಕಳಿಸು.

ನನ್ನ ಎದುರು ಬೆಂಚಿಗೆ ಹೊಸದಾಗಿ ಒಬ್ಬ ಸಂಶೋಧಕಿ ಬಂದಿದ್ದಾಳೆ. ಎಲ್ಲ ಕೆಲಸ ಎಡಗೈಯಲ್ಲಿ, ಹಾಗಾಗಿ ಎಲ್ಲರ ಬಾಯಲ್ಲೂ ಎಡಚಿ. ಟ್ಯೂಬಿನ ಮೇಲೆ ಅಂಕಿ ಬರೆದು ಆರುವ ಮೊದಲೇ ಅಂಗೈ ಉಜ್ಜುತ್ತಾಳೆ. ಸಂಜೆಯ ಹೊತ್ತಿಗೆ ಅಂಗೈಯೆಲ್ಲ ನೀಲಿ. ನನ್ನ ಹತ್ತಿರ ಮಾತು ಕಡಿಮೆ. ನಾಳೆ ಪ್ರಬಂಧದಲ್ಲಿ ಮೊದಲ ಹೆಸರು ಇವಳದೇ ಬರುತ್ತದೆ, ನೋಡುತ್ತಿರು.

ನಿನ್ನ,
ಬೆಂಕಿಪೊಟ್ಟಣ


ಜೂನ್ 14

ಮಗಳೇ ಬೆಂಕಿಪೊಟ್ಟಣ,

ದೂರು ಬರೆಯಬೇಡ. ಆ ಗೀರುಗಳನ್ನು ಎಳೆದದ್ದು ನಾನೇ, ಸೂಜಿಯಿಂದ. ಹಳೆಯ ಅಭ್ಯಾಸ.

ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ವಾರಕ್ಕೆ ಎರಡು ದಿನ ಕರೆಸುತ್ತಾರೆ. ಫ್ರೀಜರಿನ ಯಾವ ಮೂಲೆಯಲ್ಲಿ ಏನಿದೆ ಎಂದು ಗೊತ್ತಿರುವವಳು ನಾನೊಬ್ಬಳೇ. ಹೋಗುತ್ತೇನೆ, ಐಸು ಕೆರೆಯುತ್ತೇನೆ, ಕೇಳಿದವರಿಗೆ ಟ್ಯೂಬು ಕಟ್ಟಿ ಕಳಿಸುತ್ತೇನೆ. ಮೆಟ್ಟಿಲು ಹತ್ತುವಾಗ ಮೊಣಕಾಲು ಕಟಕ್ ಅನ್ನುತ್ತದಂತೆ, ಹಿಂದೆ ಬರುವವರು ಹೇಳುತ್ತಾರೆ. ಕೇಳಿಸದ್ದೇ ವಾಸಿ.

ಕಥೆ ಎಂಥದ್ದು ಕಣೇ. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಹನ್ನೆರಡು ಬಿಳಿ ಮೊಲ ಬಂದವು, ಕಿವಿಗೆ ಅಂಕಿ ಹಾಕಿದೆವು. ಹನ್ನೊಂದನೆಯದು ನಿಧಾನಕ್ಕೆ ಅಗಿಯುತ್ತಿತ್ತು, ಹಲ್ಲಿಲ್ಲದವರ ಹಾಗೆ. ಅದಕ್ಕೆ ಅಜ್ಜಿ ಎಂದು ಕರೆಯುತ್ತಿದ್ದೆ. ಮೊದಲ ಸೂಜಿ ಚುಚ್ಚುವ ಮೊದಲು ಸ್ವಲ್ಪ ರಕ್ತ ತೆಗೆದಿಡಬೇಕು. ಅದನ್ನು ಮೊದಲ ರಕ್ತ ಎನ್ನುತ್ತೇವೆ. ಕಿಣ್ವದ ಮುಖವನ್ನೇ ಕಾಣದ ರಕ್ತ. ಕೊನೆಗೆ ಸಿಕ್ಕ ಪ್ರತಿಕಾಯವನ್ನು ಅದರ ಜೊತೆ ಹೋಲಿಸಿ ನೋಡಬೇಕು, ಅದು ಕ್ರಮ. ಆಮೇಲೆ ಮೂರು ವಾರಕ್ಕೊಮ್ಮೆ ಆ ಕಿಣ್ವದ ಸೂಜಿ. ರಕ್ತ ತೆಗೆಯುವ ದಿನ ಕಿವಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದರೆ ನರ ಎದ್ದು ಕಾಣುತ್ತದೆ. ಅಜ್ಜಿ ಅಲ್ಲಾಡುತ್ತಿರಲಿಲ್ಲ. ಉಳಿದ ಮೊಲಗಳಿಂದ ಏನೂ ಸಿಗಲಿಲ್ಲ. ಏಳನೇ ತಿಂಗಳು ಅಜ್ಜಿಯ ರಕ್ತದಲ್ಲಿ ಗೆರೆ ಬಂತು, ಒಂದೇ ಒಂದು, ಶುದ್ಧವಾದದ್ದು. ನಮ್ಮ ಲ್ಯಾಬಿನ ಪ್ರೊಫೆಸರ್ ಕಾರಿಡಾರಿನಲ್ಲಿ "ಬಂತು, ಬಂತು" ಎಂದು ಕೂಗಿಕೊಂಡು ಓಡಿದರು. ಎಲ್ಲರಿಗೂ ಕಾಫಿ ಕೊಡಿಸಿದರು.

ಇಷ್ಟೇ. ನನ್ನ ಹೆಸರು ಎಲ್ಲೂ ಬೇಡ. ಬಾಯಿಮಾತಿಗೆ ಹೇಳುತ್ತಿಲ್ಲ, ನಿಜವಾಗಿ ಬೇಡ.

ಹೊತ್ತಿಗೆ ಸರಿಯಾಗಿ ತಿನ್ನು.

ದೊಡ್ಡಮ್ಮ


ಜೂನ್ 27

ಪ್ರೀತಿಯ ದೊಡ್ಡಮ್ಮ,

"ಬೇಡ" ಎಂದು ನೀನು ಬರೆದದ್ದನ್ನು ಮೂರು ಸಲ ಓದಿದೆ. ನಿನ್ನ ಮೇಲೆ ಸಿಟ್ಟಿಲ್ಲ. ನಲವತ್ತು ವರ್ಷ ಒಬ್ಬರನ್ನು ಹಿಂದಿನ ಬಾಗಿಲಿಂದ ಒಳಗೆ ಬಿಟ್ಟರೆ, ಮುಂಬಾಗಿಲು ತೆರೆದಾಗಲೂ ಅವರು "ನನಗೆ ಹಿಂದಿನದೇ ಸಾಕು" ಎನ್ನುತ್ತಾರಂತೆ. ನಾನು ಓದಿದ ಒಂದು ಪುಸ್ತಿಕೆಯಲ್ಲಿ ಇದಿತ್ತು. ಅದನ್ನು ವಿನಯ ಎಂದುಕೊಳ್ಳುವುದೇ ತಪ್ಪು, ಅದು ಅವರು ನಿನಗೆ ಕಲಿಸಿಟ್ಟ ಪಾಠ.

ಕರಪತ್ರ ಆಯಿತು. ಎರಡು ನೂರು ಪ್ರತಿ, ಒಂದೇ ಮಗ್ಗುಲು. ನಿನ್ನ ಮೊದಲ ರಕ್ತದ ಮಾತಿನಿಂದಲೇ ಶುರು ಮಾಡಿದೆ. "ಮೊದಲ ಸೂಜಿಗೂ ಮುಂಚೆ ಆ ಮೊಲದ ಕಿವಿಯನ್ನು ಬೆಚ್ಚಗೆ ಮಾಡಿದ ಅಂಗೈ ಯಾರದು? ಹದಿನಾಲ್ಕು ಪ್ರಬಂಧಗಳು ಆ ಅಂಗೈಯ ಮೇಲೆ ನಿಂತಿವೆ." ಹೇಗಿದೆ? ನಿನ್ನ ಪೂರ್ತಿ ಹೆಸರು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ನಲವತ್ತು ಪ್ರತಿ ಹಂಚಿಯಾಯಿತು. ಮೇಡಂ ಓದಿ ನಕ್ಕರು. "ನಿಮ್ಮ ದೊಡ್ಡಮ್ಮನಾ? ನಂಗೆ ಗೊತ್ತೇ ಇರ್ಲಿಲ್ಲ ನೋಡಿ. ಮುಂದಿನ ಪ್ರಬಂಧದಲ್ಲಿ ಕೃತಜ್ಞತೆ ಅಂತ ಒಂದು ಸಾಲು ಹಾಕೋಣ ಬಿಡಿ" ಎಂದರು. ಒಂದು ಸಾಲು! ಆದರೂ ಮೊದಲ ಇಟ್ಟಿಗೆ ಅಲುಗಿತು ಎಂದುಕೊಂಡೆ.

ಎಡಚಿಗೂ ಒಂದು ಪ್ರತಿ ಕೊಟ್ಟೆ. ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡಳು. "ಮೊದಲ ರಕ್ತದ ಫಿಲ್ಮು ಯಾವ ಪ್ರಬಂಧದಲ್ಲಿದೆ?" ಎಂದು ಕೇಳಿದಳು. ನೋಡು, ಮನುಷ್ಯರ ಬಗ್ಗೆ ಬರೆದದ್ದನ್ನು ಕೊಟ್ಟರೆ ಫಿಲ್ಮು ಕೇಳುತ್ತಾಳೆ. ಹುಡುಕಿಕೊಳ್ಳಿ ಎಂದೆ.

ನಿನ್ನ,
ಬೆಂಕಿಪೊಟ್ಟಣ


ಜುಲೈ 9

ಮಗಳೇ,

ಉಳಿದ ಪ್ರತಿ ಹಂಚಬೇಡ. ಹಂಚಿದ್ದನ್ನು ವಾಪಸು ತೆಗೆದುಕೊಳ್ಳಲು ಆದರೆ ತೆಗೆದುಕೋ.

ನೀನು ಬರೆದದ್ದು ಚೆನ್ನಾಗಿಯೇ ಇದೆ. ಆದರೆ ಅಂಗೈಯ ಮೇಲೆ ಅಷ್ಟೆಲ್ಲ ನಿಲ್ಲಿಸಬೇಡ. ಈ ವಾರ ಮೊಣಕಾಲು ಊದಿಕೊಂಡಿದೆ, ಹೆಚ್ಚು ಬರೆಯಲಾರೆ.

ಆ ಹುಡುಗಿ ಫಿಲ್ಮು ಹುಡುಕಿದಳೇ?

ದೊಡ್ಡಮ್ಮ


ಜುಲೈ 21

ಪ್ರೀತಿಯ ದೊಡ್ಡಮ್ಮ,

ಮೊಣಕಾಲಿಗೆ ಬಿಸಿನೀರಿನ ಚೀಲ ಇಡು. ಈಗ ನನ್ನ ಸುದ್ದಿ ಕೇಳು. ಇವತ್ತು ನಿನ್ನ ಪರವಾಗಿ ಸಭೆಯಲ್ಲಿ ಎದ್ದು ನಿಂತೆ.

ಸೋಮವಾರದ ಸಭೆಯಲ್ಲಿ ಎಲ್ಲರೂ ವಾರದ ಕೆಲಸ ತೋರಿಸಬೇಕು. ಎಡಚಿ ಎದ್ದು ದೀಪದ ಪೆಟ್ಟಿಗೆಯ ಮೇಲೆ ಫಿಲ್ಮು ಇಟ್ಟಳು. ಅವಳ ಇಲಿಗಳಲ್ಲಿ ಎರಡು ಥರ. ಒಂದು ಮಾಮೂಲಿ, ಇನ್ನೊಂದು ಹುಟ್ಟುವ ಮೊದಲೇ ಆ ಕಿಣ್ವವನ್ನು ತೆಗೆದುಹಾಕಿ ಬೆಳೆಸಿದ್ದು.

"ಮೇಡಂ, ಈ ನಾಲ್ಕು ಇಲಿಗಳಲ್ಲಿ ಆ ಕಿಣ್ವಾನೇ ಇಲ್ಲ. ಆದ್ರೂ ಗೆರೆ ಬಿದ್ದಿದೆ. ಮೂರು ಸಲ ಮಾಡ್ದೆ, ಮೂರು ಸಲಾನೂ."

"ಹಾಗಾದ್ರೆ ಏನಂತೀರಿ? ಇಪ್ಪತ್ತೆರಡು ವರ್ಷದಿಂದ ಎಲ್ಲಾರೂ ಕಣ್ಮುಚ್ಕೊಂಡು ಕೂತಿದ್ರಾ?"

"ಹನ್ನೊಂದು ಬೇರೆ ಏನನ್ನೋ ಹಿಡೀತಿದೆ ಅನ್ಸುತ್ತೆ ಮೇಡಂ. ಜೆಲ್ಲಲ್ಲಿ ಅಷ್ಟೇ ಎತ್ತರದಲ್ಲಿ ನಿಲ್ಲೋ ಇನ್ಯಾವುದನ್ನೋ."

ಹಿರಿಯ ಸಂಶೋಧಕ, ನಾವು ಅವನಿಗೆ ಏಣಿ ಎನ್ನುತ್ತೇವೆ, "ಮೊಲಕ್ಕೆ ಕಣ್ಣಿಗೆ ಪೊರೆ ಬಂದಿತ್ತೇನೋ ಪಾಪ" ಎಂದ. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ಮೈ ಉರಿದುಹೋಯಿತು. ನಿನ್ನೆ ಮೊನ್ನೆ ಬಂದವಳು, ನಾಳೆ ಹೆಸರಿನ ಮುಂದೆ ಡಾಕ್ಟರ್ ಹಾಕಿಕೊಳ್ಳುವವಳು, ತನ್ನ ಕೆಲಸ ಸರಿಯಾಗದಿದ್ದರೆ ಕೆಳಗಿನವರ ಕೆಲಸದ ಮೇಲೆ ಹಾಕುತ್ತಾಳಲ್ಲ! ಎದ್ದು ನಿಂತೆ.

"ಒಂದು ಮಾತು ಹೇಳ್ಲಾ ಮೇಡಂ? ಅವರ ಟ್ಯೂಬು ತೊಳೆಯೋಳು ನಾನೇ. ಒಂದೋ ಏಳೋ, ಮೂರೋ ಎಂಟೋ ಗೊತ್ತಾಗಲ್ಲ. ಎಡಗೈ ಉಜ್ಜಿ ಎಲ್ಲಾ ಅಳಿಸಿಹೋಗಿರುತ್ತೆ. ಇಲಿಗಳು ಅದಲು ಬದಲು ಆಗಿರ್ಬೇಕು."

ಎಡಚಿ ತನ್ನ ಅಂಗೈ ನೋಡಿಕೊಂಡಳು. ಆ ಹೊತ್ತಿಗೂ ಅದು ನೀಲಿಯಾಗಿತ್ತು. "ಇಲ್ಲ, ಮುಚ್ಚಳದ ಮೇಲೆ..." ಎಂದೇನೋ ಶುರು ಮಾಡಿದಳು. ಮೇಡಂ ಆಗಲೇ ಮುಂದಿನವರನ್ನು ಕರೆದಿದ್ದರು. ಸಭೆ ಮುಗಿದ ಮೇಲೆ ಅವಳ ಮೂರು ತಿಂಗಳ ಕೆಲಸ ಲೆಕ್ಕಕ್ಕಿಲ್ಲ ಎಂದರಂತೆ. ಅಕ್ಟೋಬರ್ ಕೊನೆಗೆ ಅವಳ ಅವಧಿ ಮುಗಿಯುತ್ತದೆ, ಮುಂದುವರಿಸುವುದಿಲ್ಲ.

ನಿನ್ನ ಹನ್ನೊಂದಕ್ಕೆ ಒಂದು ಕೂದಲೂ ಕೊಂಕಲಿಲ್ಲ. ಮೊದಲ ಸಲ ಈ ಲ್ಯಾಬಿನಲ್ಲಿ ಗಾಜು ತೊಳೆಯುವವಳ ಮಾತು ಕೇಳಿದರು. ಖುಷಿಯಾಯಿತೇ?

ನಿನ್ನ,
ಬೆಂಕಿಪೊಟ್ಟಣ


ಆಗಸ್ಟ್ 18

ದೊಡ್ಡಮ್ಮ,

ನಾಲ್ಕು ವಾರವಾಯಿತು, ಒಂದು ಸಾಲೂ ಇಲ್ಲ. ಮೊಣಕಾಲೇ? ಅಮ್ಮನನ್ನು ಫೋನಿನಲ್ಲಿ ಕೇಳಿದರೆ "ಚೆನ್ನಾಗೇ ಇದಾಳೆ, ಮೊನ್ನೆ ಬಂದು ಸುಮ್ನೆ ಕೂತು ಹೋದ್ಲು" ಎನ್ನುತ್ತಾಳೆ. ಸುಮ್ಮನೆ ಕೂರುವವಳಲ್ಲ ನೀನು.

ಇಲ್ಲಿ ಎಡಚಿ ಬೆಳಗ್ಗೆ ಬಂದು ಕೋಟು ಹಾಕಿಕೊಂಡು ತನ್ನ ಬೆಂಚಿನ ಮುಂದೆ ಕೂತಿರುತ್ತಾಳೆ. ಕೆಲಸ ಕೊಡುವುದಿಲ್ಲ. ನೋಡದ ಹಾಗೆ ಹಾದುಹೋಗುತ್ತೇನೆ. ನನಗೇಕೆ ದಣಿವಾಗುತ್ತದೋ ಗೊತ್ತಿಲ್ಲ. ಬರೆ.

ಬೆಂಕಿಪೊಟ್ಟಣ


ಆಗಸ್ಟ್ 25

ಮಗಳೇ,

ಒಂದೇ ಪ್ರಶ್ನೆ. ನಿಜ ಬರೆ.

ಆ ಹುಡುಗಿಯ ಟ್ಯೂಬುಗಳ ಮುಚ್ಚಳದ ಮೇಲೆ ಸೂಜಿಯ ಗೀರು ಇತ್ತೇ?

ದೊಡ್ಡಮ್ಮ


ಸೆಪ್ಟೆಂಬರ್ 3

ದೊಡ್ಡಮ್ಮ,

ಒಂದು ತಿಂಗಳು ಕಾಯಿಸಿ ಕೇಳುವ ಪ್ರಶ್ನೆಯೇ ಇದು? ಯಾರು ಯಾವ ಮುಚ್ಚಳ ಗೀರಿದರೆ ನನಗೇನು? ಇಲ್ಲಿ ದಿನಕ್ಕೆ ನಾನೂರು ಟ್ಯೂಬು ತೊಳೆಯುತ್ತೇನೆ. ಕೈ ಬೆರಳೆಲ್ಲ ಒಡೆದು ಉಪ್ಪಿನ ನೀರು ತಾಗಿದರೆ ಉರಿಯುತ್ತದೆ. ನಿನಗಾಗಿ ನಾನು...

ಮೇಲಿನದನ್ನು ಬರೆದು ಎರಡು ದಿನ ಇಟ್ಟಿದ್ದೆ. ಹರಿದು ಹಾಕಬೇಕಿತ್ತು, ಇರಲಿ ಬಿಡು.

ಇತ್ತು.

ಮಾಮೂಲಿ ಇಲಿಗೆ ಒಂದು ಗೀರು, ಕಿಣ್ವ ಇಲ್ಲದ ಇಲಿಗೆ ಎರಡು. ತೊಳೆಯುವಾಗ ಬೆರಳಿಗೆ ತಾಗುತ್ತದೆ. ನೀನು ಜೂನಿನಲ್ಲಿ ಸೂಜಿಯ ಮಾತು ಬರೆದ ಮೇಲೆ ಇದೂ ಯಾವುದೋ ಗುರುತೇ ಇರಬೇಕು ಎಂದು ಹೊಳೆದಿತ್ತು. ಅಂಕಿ ಅಳಿಸಿದರೂ ಗೀರು ಅಳಿಸುವುದಿಲ್ಲ ಎಂದೂ ಹೊಳೆದಿತ್ತು. ಸಭೆಯಲ್ಲಿ ಎದ್ದು ನಿಂತಾಗ ಅದು ನೆನಪಿರಲಿಲ್ಲ ಎಂದು ಹೇಳಬಹುದು. ನೆನಪಿತ್ತು. ಅವಳು ಮುಚ್ಚಳ ಎಂದಾಗ ಏನು ಹೇಳಲು ಹೊರಟಿದ್ದಾಳೆ ಎಂದೂ ಗೊತ್ತಾಯಿತು. ಸುಮ್ಮನೆ ಕೂತೆ.

ನಿನಗೆ ಹೇಗೆ ಗೊತ್ತು?

ಬೆಂಕಿಪೊಟ್ಟಣ


ಸೆಪ್ಟೆಂಬರ್ 12

ಮಗಳೇ,

ಇದರ ಜೊತೆ ಒಂದು ಡಬ್ಬಿ ಬರುತ್ತದೆ. ಒಳಗೆ ಒಂದೇ ಟ್ಯೂಬು. ಅದನ್ನು ತೆರೆಯುವ ಮೊದಲು ಈ ಕಾಗದ ಓದು.

ನಾನೂ ಎಡಚಿಯೇ. ನಿನಗೆ ಗೊತ್ತಿರಲಾರದು. ಶಾಲೆಯಲ್ಲಿ ಗೆಣ್ಣಿನ ಮೇಲೆ ಅಡಿಪಟ್ಟಿಯಿಂದ ಹೊಡೆದು ಬರೆಯುವುದನ್ನು ಬಲಗೈಗೆ ತಂದರು. ತಿನ್ನುವುದೂ ಬಲಗೈ. ಆದರೆ ಸೂಜಿ, ಕತ್ತರಿ, ಟ್ಯೂಬಿನ ಮೇಲಿನ ಚಿಕ್ಕ ಅಂಕಿ, ಇವೆಲ್ಲ ಎಡಗೈಗೇ ಬರುತ್ತಿದ್ದವು. ಲ್ಯಾಬಿನಲ್ಲಿ ಯಾರೂ ಹೊಡೆಯಲಿಲ್ಲ, ಅಲ್ಲಿ ಎಡಗೈಯವಳಾಗಿಯೇ ಇದ್ದೆ. ಅಂಕಿ ಅಂಗೈಗೆ ಉಜ್ಜಿ ಹೋಗುತ್ತದೆ ಎಂದೇ ಸೂಜಿಯಿಂದ ಗೀರುವುದನ್ನು ಕಲಿತೆ. ಅಜ್ಜಿಯ ಮೊದಲ ರಕ್ತಕ್ಕೆ ಒಂದು ಗೀರು, ಕೊನೆಯ ರಕ್ತಕ್ಕೆ ಎರಡು. ನಿಮಗೆ ಬಂದವೆಲ್ಲ ಎರಡು ಗೀರಿನವು.

ಪ್ರೊಫೆಸರ್ ಕಾಫಿ ಕೊಡಿಸಿದ ಮೇಲಿನ ವಾರ, ಕ್ರಮ ಬಿಡಬಾರದು ಎಂದು, ಒಂದು ಗೀರಿನ ಟ್ಯೂಬನ್ನು ನಾನೇ ಹಾಳೆಯ ಮೇಲೆ ಸುರಿದು ನೋಡಿದೆ. ಏನೂ ಬೀಳಬಾರದಿತ್ತು. ಕಿಣ್ವವನ್ನೇ ಕಾಣದ ರಕ್ತ ಅದು. ಗೆರೆ ಬಿತ್ತು. ಅದೇ ಜಾಗ, ಅಷ್ಟೇ ಕಪ್ಪು. ಮಾರನೇ ದಿನ ಮತ್ತೆ ಮಾಡಿದೆ. ಮತ್ತೆ ಬಿತ್ತು. ಎಂದರೆ ಅಜ್ಜಿಯ ಮೈಯಲ್ಲಿ ಮೊದಲಿಂದಲೂ ಯಾವುದೋ ಒಂದನ್ನು ಹಿಡಿಯುವ ಗುಣವಿತ್ತು. ನಾವು ಚುಚ್ಚಿದ್ದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಎರಡು ಫಿಲ್ಮೂ ತೆಗೆದುಕೊಂಡು ಹೋಗಿ ತೋರಿಸಿದೆ. ಪ್ರೊಫೆಸರ್ ಬೈಯಲಿಲ್ಲ. ಬೈದಿದ್ದರೆ ಜಗಳವಾಡುತ್ತಿದ್ದೆನೇನೋ. ಕುರ್ಚಿ ಎಳೆದು ಕೂರಿಸಿದರು. "ನಿಮ್ಮ ಅಂಕಿ ನೋಡೀಮ್ಮಾ, ಯಾವ್ದು ಒಂದು, ಯಾವ್ದು ಏಳು? ಎಡಗೈ ಉಜ್ಜಿ ಎಲ್ಲಾ ಅಳಿಸಿದೆ. ಟ್ಯೂಬು ಅದಲು ಬದಲು ಆಗಿದೆ, ಅಷ್ಟೇ. ಬಿಡಿ, ನಾನು ಯಾರಿಗೂ ಹೇಳಲ್ಲ" ಎಂದರು. ನನ್ನ ಮಾನ ಕಾಪಾಡುವವರ ಹಾಗೆ. ಮುಚ್ಚಳದ ಮೇಲೆ ಗೀರಿದೆ ಸರ್ ಎನ್ನಲು ಬಾಯಿ ತೆರೆದೆ. ನನ್ನ ಬಾಯಿಂದ ಬಂದದ್ದು "ಥ್ಯಾಂಕ್ಸ್ ಸರ್".

ಅವರು ಕಳ್ಳರಲ್ಲ. ನಂಬಿಬಿಟ್ಟಿದ್ದರು. ಮೊದಲ ರಕ್ತದಲ್ಲಿ ಏನೂ ಇರಲಿಲ್ಲ ಎಂದು ಪ್ರಬಂಧದಲ್ಲಿ ಒಂದು ಸಾಲು ಬರೆದರು, ಫಿಲ್ಮು ಹಾಕಲಿಲ್ಲ. ಅದಕ್ಕೇ ಆ ಹುಡುಗಿಗೆ ಎಲ್ಲಿ ಹುಡುಕಿದರೂ ಸಿಗದು. ಅವರು ತೀರಿಹೋಗಿ ಒಂಬತ್ತು ವರ್ಷವಾಯಿತು. ನಾನೂ ನನ್ನನ್ನು ನಂಬಿಸಿಕೊಂಡೆ, ಕೈತಪ್ಪೇ ಇರಬೇಕು ಎಂದು. ಕೆಲವು ವರ್ಷ ನಂಬಿಕೆ ಬರುತ್ತಿತ್ತು, ಕೆಲವು ವರ್ಷ ಇಲ್ಲ. ಆದರೆ ಫ್ರೀಜರು ಬದಲಾದ ಮೂರು ಸಲವೂ ಆ ಟ್ಯೂಬನ್ನು ಎಸೆಯದೆ ಹೊಸದಕ್ಕೆ ಸಾಗಿಸಿದೆ.

ನೀನು ಹೆಸರು ಹಾಕುತ್ತೇನೆ ಎಂದಾಗ ಬೇಡ ಎಂದದ್ದು ಅದಕ್ಕೆ. ಯಾರೂ ಕಲಿಸಿದ ಪಾಠವಲ್ಲ. ಆಮೇಲೆ ನಿನ್ನ ಜುಲೈ ಕಾಗದ ಬಂತು. ಪ್ರೊಫೆಸರ್ ಹೇಳಿದ ಮಾತನ್ನೇ, ಒಂದಕ್ಷರ ಬಿಡದೆ, ನೀನು ಆ ಹುಡುಗಿಗೆ ಹೇಳಿದ್ದೆ. ಅದೂ ನನ್ನ ಹೆಸರಿಗಾಗಿ.

ಟ್ಯೂಬಿನ ಅಂಕಿ ನೋಡಬೇಡ, ಅಳಿಸಿದೆ. ಮುಚ್ಚಳ ಮುಟ್ಟಿ ನೋಡು. ಒಂದೇ ಗೀರು. ಆ ಹುಡುಗಿಯ ಕೈಗೆ ಕೊಡು.

ದೊಡ್ಡಮ್ಮ


ಸೆಪ್ಟೆಂಬರ್ 24

ದೊಡ್ಡಮ್ಮ,

ನಿನ್ನ ಕಾಗದ ಓದಿ ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ಜ್ವರ ಎಂದೆ. ಕೆಳಗೆ ಜೆರಾಕ್ಸ್ ಯಂತ್ರ ಓಡುವ ಸದ್ದು ಕೇಳುತ್ತ ಮಲಗಿದ್ದೆ. ನಾನು ಓದಿದ ಪುಸ್ತಿಕೆಗಳಲ್ಲಿ ಕೆಳಗಿನವರು ಸುಳ್ಳಾಗುವುದಿಲ್ಲ, ಮೇಲಿನವರು ಸರಿಯಾಗುವುದಿಲ್ಲ. ನೀನು ಎರಡೂ ಕಡೆ ನಿಂತಿದ್ದೀಯ. ನಾನೂ.

ನಾಲ್ಕನೇ ದಿನ ಎಡಚಿಯ ಬೆಂಚಿಗೆ ಹೋದೆ.

"ಒಂದು ಟ್ಯೂಬಿದೆ. ಹಾಳೆ ಮೇಲೆ ಹಾಕಿ ನೋಡ್ತೀರಾ?"

"ಯಾಕೆ, ಕೈ ತೊಳ್ಕೊಂಡು ಬರ್ಲಾ?" ಎಂದಳು, ತಲೆ ಎತ್ತದೆ.

ಹೇಳಿಸಿಕೊಳ್ಳಬೇಕಾದ ಮಾತೇ. ಟ್ಯೂಬನ್ನು ಮುಂದೆ ಇಟ್ಟೆ. ಅವಳು ಮುಚ್ಚಳದ ಮೇಲೆ ಬೆರಳಾಡಿಸಿದಳು. ಬೆರಳು ನಿಂತಿತು.

"ಇದನ್ನ ಗೀರಿದೋರು ಎಡಗೈಯೋರು."

"ಹೇಗೆ ಗೊತ್ತಾಯ್ತು?"

"ಗೀರು ಯಾವ ಕಡೆಗೆ ವಾಲಿದೆ ನೋಡ್ರೀ. ಯಾರಿವರು?"

"ನಮ್ಮ ದೊಡ್ಡಮ್ಮ."

ಕೋಟಿನ ಜೇಬಿನಿಂದ ನನ್ನ ಕರಪತ್ರ ತೆಗೆದಳು. ಮಡಿಕೆಯ ಹತ್ತಿರ ಹರಿದಿತ್ತು, ಮೊದಲ ರಕ್ತ ಎಂಬಲ್ಲಿ ನೀಲಿ ಗೆರೆ ಎಳೆದಿದ್ದಳು. ಇಷ್ಟು ದಿನ ಇಟ್ಟುಕೊಂಡಿದ್ದಳು.

ಇಬ್ಬರೂ ಕೂಡಿ ಮಾಡಿದೆವು. ನಾನು ಹಾಲಿನ ಪುಡಿ ಕಲಸಿದೆ, ಅವಳು ಕುಳಿ ತುಂಬಿದಳು. ಒಂದು ಹಾಳೆಗೆ ಹನ್ನೊಂದು, ಇನ್ನೊಂದಕ್ಕೆ ಮೊದಲ ರಕ್ತ. ಎರಡು ಫಿಲ್ಮನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದಳು. ಒಂದೇ ಗೆರೆ ಕಂಡಿತು. ಅವಳು ಗೆದ್ದ ಹಾಗೆ ನಗುತ್ತಾಳೆ ಎಂದುಕೊಂಡಿದ್ದೆ. ಸ್ಟೂಲಿನ ಮೇಲೆ ಕೂತು "ನಾನೇ ಹುಚ್ಚಿ ಅಂದ್ಕೊಂಡ್ಬಿಟ್ಟಿದ್ದೆ ರೀ" ಎಂದಳು. ಅಷ್ಟೇ.

ಇನ್ನು ಮೇಡಂಗೆ ತೋರಿಸಬೇಕು. ದೊಡ್ಡಮ್ಮ, ನಿನ್ನ ಹೆಸರು ತರುವುದಿಲ್ಲ. ಯಾವುದೋ ಹಳೆಯ ಡಬ್ಬಿಯಲ್ಲಿ ಟ್ಯೂಬು ಸಿಕ್ಕಿತು ಎನ್ನುತ್ತೇವೆ. ಅವಳೂ ಒಪ್ಪಿದ್ದಾಳೆ. ಇಷ್ಟು ವರ್ಷದ ಮೇಲೆ ನಿನ್ನನ್ನು ಯಾರೂ ಬೆರಳು ತೋರಿಸಿ ಆಡಿಕೊಳ್ಳುವುದು ಬೇಡ. ನಿನ್ನ ಉತ್ತರ ಬರುವವರೆಗೂ ತಡೆದಿರುತ್ತೇವೆ.

ನಿನ್ನ,
ಬೆಂಕಿಪೊಟ್ಟಣ


ಅಕ್ಟೋಬರ್ 3

ಮಗಳೇ,

ಡಬ್ಬಿಯಲ್ಲಿ ಸಿಗಲಿಲ್ಲ. ನಾನು ಕಳಿಸಿದೆ.

ಈಗ ಹೆಸರು ಹಾಕು. ಪೂರ್ತಿ ಹೆಸರು, ಸೇವಾ ಪುಸ್ತಕದಲ್ಲಿ ಇರುವ ಹಾಗೆ. ಎರಡು ಸಲ ಮಾಡಿ ನೋಡಿದ್ದಳು ಎಂದೂ ಹಾಕು, ಹೇಳದೆ ಕೂತಳು ಎಂದೂ ಹಾಕು. ಎರಡರಲ್ಲಿ ಒಂದನ್ನು ಬಿಟ್ಟರೆ ಎರಡನ್ನೂ ಬಿಡು.

ನಿನ್ನದನ್ನೂ ನೀನು ಹೇಳಬೇಕು. ಅದನ್ನು ನಾನು ಹೇಳಿಕೊಡಬೇಕಿಲ್ಲ.

ದೊಡ್ಡಮ್ಮ


ಅಕ್ಟೋಬರ್ 15

ಪ್ರೀತಿಯ ದೊಡ್ಡಮ್ಮ,

ಆಯಿತು.

ಸೋಮವಾರದ ಸಭೆಯಲ್ಲಿ ನಾನೇ ಮೊದಲು ಎದ್ದೆ. "ಜುಲೈ ಸಭೇಲಿ ನಾನು ಅರ್ಧ ಹೇಳ್ದೆ. ಅಂಕಿ ಅಳಿಸಿತ್ತು, ನಿಜ. ಮುಚ್ಚಳದ ಮೇಲೆ ಗೀರಿತ್ತು. ಅದು ನಂಗೆ ಗೊತ್ತಿತ್ತು, ಹೇಳ್ಲಿಲ್ಲ" ಎಂದೆ. ಕರಪತ್ರದಲ್ಲಿ ಎಷ್ಟು ಉದ್ದುದ್ದ ವಾಕ್ಯ ಬರೆಯುತ್ತಿದ್ದೆ, ಇದು ಮೂರು ಉಸಿರಿಗೆ ಮುಗಿದುಹೋಯಿತು. ಆಮೇಲೆ ಎಡಚಿ ಫಿಲ್ಮು ಇಟ್ಟಳು, ನಿನ್ನ ಹೆಸರು ಹೇಳಿದಳು, ನೀನು ಬರೆದ ಎರಡು ಮಾತನ್ನೂ ಹೇಳಿದಳು.

ಮೇಡಂ ಬಗ್ಗಿ ಎರಡು ಫಿಲ್ಮನ್ನೂ ನೋಡಿದರು. ಅವರ ಕಣ್ಣು ಗೋಡೆಯ ಪ್ರಬಂಧಗಳ ಕಡೆ ಹೋಗಿ ಬಂತು. "ನಂಗೆ ಇನ್ನು ಆರು ವರ್ಷ ಸರ್ವೀಸಿದೆ" ಎಂದರು, ಯಾರಿಗೂ ಅಲ್ಲದ ಹಾಗೆ. ಆಮೇಲೆ ದೀಪದ ಪೆಟ್ಟಿಗೆ ಆರಿಸಿ "ಯಾರಾದ್ರೂ ಟೀ ಹೇಳಿ" ಎಂದರು.

ಎಡಚಿಯನ್ನು ಆರು ತಿಂಗಳು ಮುಂದುವರಿಸಿದ್ದಾರೆ, ಹೊಸ ಪ್ರತಿಕಾಯ ಬರುವವರೆಗೆ. ನನ್ನನ್ನು ಪ್ರಾಣಿಗಳ ವಿಭಾಗಕ್ಕೆ ಹಾಕಿದ್ದಾರೆ. ಶಿಕ್ಷೆಯೋ ಏನೋ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ತಿಂಗಳು ಆರು ಮೊಲ ಬರುತ್ತವೆ. ಮೊದಲ ರಕ್ತ ನಾನೇ ತೆಗೆಯಬೇಕು. ಕಿವಿಯನ್ನು ಎಷ್ಟು ಹೊತ್ತು ಬೆಚ್ಚಗೆ ಹಿಡಿಯಬೇಕು ಬರೆ.

ನೂರ ಅರವತ್ತು ಕರಪತ್ರ ಉಳಿದಿವೆ. ಹಿಂಬದಿ ಖಾಲಿಯಿದೆಯಲ್ಲ, ಎಡಚಿ ಮತ್ತು ನಾನು ಅದರ ಮೇಲೆ ಲೆಕ್ಕ ಬರೆದುಕೊಳ್ಳುತ್ತೇವೆ. ಎಸೆಯಲು ಮನಸ್ಸು ಬರಲಿಲ್ಲ.

ಒಂದು ಯೋಚನೆ ಬಿಡುತ್ತಿಲ್ಲ. ಹನ್ನೊಂದು ನಮ್ಮ ಲ್ಯಾಬಿಗೆ ಮಾತ್ರ ಬಂದಿಲ್ಲವಲ್ಲ.

ನಿನ್ನ,
ಬೆಂಕಿಪೊಟ್ಟಣ


ಅಕ್ಟೋಬರ್ 29

ಮಗಳೇ,

ಮೂವತ್ತೊಂದು ಕಡೆ ಹೋಗಿದೆ. ಕಳಿಸಿದ ಪುಸ್ತಕದಲ್ಲಿ ವಿಳಾಸ ಎಲ್ಲ ಇದೆ, ನಾನೇ ಬರೆದಿಟ್ಟದ್ದು. ಈಗಿನ ನಿರ್ದೇಶಕರಿಗೆ ಹೇಳಿದೆ. "ಬಿಡೀಮ್ಮಾ, ನಿವೃತ್ತಿ ಆದ್ಮೇಲೆ ಇದೆಲ್ಲಾ ಯಾಕೆ ತಲೆಗೆ ಹಚ್ಕೋತೀರಿ" ಎಂದರು. ಈ ಸಲ ಥ್ಯಾಂಕ್ಸ್ ಎನ್ನಲಿಲ್ಲ. ಮನೆಗೆ ಬಂದು ಬರೆಯಲು ಕೂತೆ. ದಿನಕ್ಕೆ ಮೂರೋ ನಾಲ್ಕೋ, ಬೆನ್ನು ತಡೆಯುವಷ್ಟು.

ಕಾಗದ ಚಿಕ್ಕದು. ನಿಮಗೆ ಟ್ಯೂಬು ಕಳಿಸಿದವಳು ನಾನು, ಮೊದಲ ರಕ್ತದಲ್ಲೂ ಅದೇ ಗೆರೆ ಇತ್ತು, ಎರಡು ಸಲ ನೋಡಿದ್ದೆ, ಹೇಳಲಿಲ್ಲ, ಬೇಕಾದವರು ಕೇಳಿದರೆ ಉಳಿದಿರುವುದರಲ್ಲಿ ಒಂದೆರಡು ಹನಿ ಕಳಿಸುತ್ತೇನೆ. ಇಷ್ಟೇ. ನಿನ್ನೆಗೆ ಮುಗಿಯಿತು. ಮೈಯೆಲ್ಲ ಸೋತಿದೆ, ಆದರೆ ಮಧ್ಯಾಹ್ನ ಮಲಗಿದರೆ ನಿದ್ದೆ ಬರುತ್ತಿದೆ.

ಕಿವಿಯನ್ನು ನೂರು ಎಣಿಸುವವರೆಗೆ ಹಿಡಿ. ಗಡಿಬಿಡಿ ಮಾಡಬೇಡ. ಅದಕ್ಕೂ ನಿನ್ನ ಕೈ ಅಭ್ಯಾಸವಾಗಬೇಕು.

ಕಾಗದವನ್ನೆಲ್ಲ ಬಲಗೈಯಲ್ಲೇ ಬರೆದೆ. ಕೊನೆಯಲ್ಲಿ ಹೆಸರು ಮಾತ್ರ ಎಡಗೈಯಲ್ಲಿ. ಮೊದಮೊದಲಿನವು ಅಂಗೈಗೆ ಉಜ್ಜಿ ಮಸುಕಾದವು, ಅವನ್ನು ಮತ್ತೆ ಬರೆಯಬೇಕಾಯಿತು. ಆಮೇಲೆ ಬರೆದ ಕೂಡಲೇ ಕೈ ಮೇಲೆತ್ತಿ, ಶಾಯಿ ಆರುವವರೆಗೂ ಹಾಗೇ ಹಿಡಿದು ಕೂತೆ. ಪ್ರತಿಯೊಂದಕ್ಕೂ.

ದೊಡ್ಡಮ್ಮ